ಮಲ್ಲಿಗೆಯ ಸೈಕಲಿಗೆ ಮಡ್‌ಗಾರ್ಡ್ ಹಾಕಿದ್ದು

ನಿಶ್ಚಿತಾರ್ಥಕ್ಕೆ ಕೊಂಡುಹೋದ ಮಲ್ಲಿಗೆಯ ಮೇಲೆ ಕೆಂಪು ಕೆಸರಿನ ಹನಿ ಕೂತಿತ್ತು. ಬೆಳ್ಮಣ್ಣಿನ ಆ ಮನೆಯ ಅಜ್ಜಿ ಹೂವಿನ ಚೆಂಡನ್ನು ತಿರುಗಿಸಿ ನೋಡಿ, ಹಾಗೆಯೇ ನನ್ನ ಕೈಗೆ ವಾಪಸ್ ಇಟ್ಟರು.

“ಮದುವೆಗೂ ಹೀಗೇ ತರುವುದಾದರೆ ಈಗಲೇ ಹೇಳು ಮಗ, ಬೇರೆಯವರಿಗೆ ಹೇಳುತ್ತೇವೆ.”

ಅದು ಅರುವತ್ತರ ದಶಕ. ನಾವು ಶಂಕರಪುರದವರು. ಅಕ್ಕ ಹೂವು ಕಟ್ಟುವುದು, ನಾನು ಸೈಕಲಿನಲ್ಲಿ ಮನೆಮನೆಗೆ ಮುಟ್ಟಿಸುವುದು. ಸೈಕಲ್ ಕಾಪುವಿನಲ್ಲಿ ಸಿಕ್ಕಿದ ಹಳೆಯದು, ಅದರ ಮಡ್‌ಗಾರ್ಡ್ ತುಕ್ಕು ಹಿಡಿದು ಮೊದಲೇ ಉದುರಿತ್ತು.

ಮಳೆ ಶುರುವಾಗಿತ್ತು. ಆಷಾಢದ ಹಾಗೆ ನಮ್ಮ ಕಡೆ ಆಟಿ ತಿಂಗಳಲ್ಲಿ ಮದುವೆ ಇಲ್ಲವಲ್ಲ, ಅದರ ಮೊದಲೇ ಮುಗಿಸಬೇಕೆಂದು ಅವರಿಗೆ ಅವಸರ.

“ಈ ಮದುವೆ ತಪ್ಪಿದರೆ ಆ ಊರಲ್ಲಿ ಇನ್ನು ನಮ್ಮ ಹೂವು ಯಾರೂ ಕೇಳುವುದಿಲ್ಲ,” ಎಂದಳು ಅಕ್ಕ. ಅಷ್ಟು ಸಾಕಿತ್ತು... ನನಗೆ ಅನ್ನ ಇಳಿಯಲಿಲ್ಲ.

ಉಡುಪಿಯಿಂದ ಹೊಸ ಮಡ್‌ಗಾರ್ಡ್ ತಂದೆ. ಅಂಗಡಿಯವರೇ ಹಾಕಿಕೊಡುತ್ತೇವೆಂದರು. ಬೇಡ ಎಂದೆ. ಅವರು ಬೋಲ್ಟ್ ಸಡಿಲ ಬಿಟ್ಟರೆ? ದಾರಿಯಲ್ಲಿ ಬಿದ್ದರೆ?

ನನ್ನ ಶಾಲೆ ಐದನೇ ಕ್ಲಾಸಿನಲ್ಲಿ ಒಮ್ಮೆ ನಿಂತು, ಪುನಃ ಶುರುವಾಗಿ, ಪುನಃ ನಿಂತದ್ದು. ಚಿಂತೆ ಮಾಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ.

ಜಗಲಿಯಲ್ಲಿ ಸೈಕಲನ್ನು ತಲೆಕೆಳಗೆ ಮಾಡಿ ಕೂತೆ. ಹಳೇ ಟ್ಯೂಬಿನ ತುಂಡು ಇಟ್ಟು ಬೋಲ್ಟ್ ಬಿಗಿದೆ. ಗಡಗಡ ಅಂದರೆ ಹೂವು ಅಲುಗೀತು ಎಂದು ಇನ್ನೂ ಬಿಗಿದೆ. ಸಂದು ಇದ್ದರೆ ಕೆಸರು ಹಾರೀತು ಎಂದು ಟಯರಿನ ಹತ್ತಿರ ಹತ್ತಿರ ಒತ್ತಿದೆ.

“ಎಂತ ಮಾರಾಯ, ಇರುವೆ ಹೋಗಲಿಕ್ಕೂ ಜಾಗ ಇಟ್ಟಿಲ್ಲ ನೀನು.”

“ಇರುವೆ ಎಂತಕ್ಕೆ ಹೋಗಬೇಕು ಅಕ್ಕ ಅಲ್ಲಿ?”

ಚಕ್ರ ತಿರುಗಿಸಿದೆ. ಒಂದು ಸದ್ದಿಲ್ಲ. ಜೀವನದಲ್ಲಿ ಮೊದಲ ಸಲ ಸಮಾಧಾನ ಆಯಿತು.

ಮದುವೆಯ ಬೆಳಿಗ್ಗೆ ಡಾಮರು ಇರುವವರೆಗೆ ಎಲ್ಲ ಸರಿ. ಆಮೇಲೆ ಮಣ್ಣಿನ ದಾರಿ. ಜೇಡಿ ಕೆಸರು ಟಯರಿಗೆ ಅಂಟಿ ಮೇಲೆ ಹೋಗುತ್ತದೆ, ಮಡ್‌ಗಾರ್ಡಿನೊಳಗೆ ಸೇರುತ್ತದೆ, ಹೊರಗೆ ಬರಲು ಜಾಗವಿಲ್ಲದೆ ಅಲ್ಲೇ ಕೂರುತ್ತದೆ.

ಚಕ್ರ ನಿಂತಿತು.

ಕೋಲಿನಿಂದ ಕೆರೆದೆ. ಸ್ವಲ್ಪ ಮುಂದೆ ಹೋಗುವಾಗ ಪುನಃ ನಿಂತಿತು. ಸಡಿಲಿಸೋಣವೆಂದರೆ ಸ್ಪ್ಯಾನರ್ ಮನೆಯಲ್ಲಿ... ಅಷ್ಟು ಬಿಗಿದ ಬೋಲ್ಟಿಗೆ ದಾರಿಯಲ್ಲಿ ಸ್ಪ್ಯಾನರ್ ಎಂತಕ್ಕೆ ಎಂದು ಬಿಟ್ಟು ಬಂದಿದ್ದೆ.

ಹೂವಿನ ಬುಟ್ಟಿ ತಲೆಯ ಮೇಲೆ, ಸೈಕಲ್ ಹೆಗಲ ಮೇಲೆ. ಮುಹೂರ್ತ ಮೀರಿದರೆ ಅಕ್ಕನಿಗೆ ಯಾವ ಮುಖ ತೋರಿಸಲಿ? ಸೈಕಲ್ ಬಿಟ್ಟು ಓಡಿದರೆ ಯಾರಾದರೂ ಕೊಂಡುಹೋದರೆ?

ಚಕ್ರ ತಿರುಗದ ಸೈಕಲನ್ನು ಯಾರು ಕೊಂಡುಹೋಗುತ್ತಾರೆ ಎಂದು ಹೊಳೆದದ್ದು ಮದುವೆಮನೆ ಮುಟ್ಟಿದ ಮೇಲೆ.

ಮದುಮಗಳು ಜಡೆ ಹೆಣೆಸಿಕೊಂಡು ಹೂವಿಗೆ ಕಾಯುತ್ತಾ ಕೂತಿದ್ದಳು. ಅಜ್ಜಿ ಬಾಳೆಲೆ ಬಿಡಿಸಿ ನೋಡಿದರು. ಮಲ್ಲಿಗೆ ಬೆಳ್ಳಗೆ ಇತ್ತು. ಆಮೇಲೆ ನನ್ನನ್ನು ನೋಡಿದರು. ಸೈಕಲಿನ ಕೆಸರೆಲ್ಲ ನನ್ನ ಮೈಮೇಲೆ.

“ಹೂವು ಚಂದ ಉಂಟು,” ಎಂದರು. “ಮಡ್‌ಗಾರ್ಡ್ ನಿನಗೆ ಹಾಕಬೇಕಿತ್ತು.”

ಮರುದಿನವೇ ಸಡಿಲ ಮಾಡಿದೆ. ಆಮೇಲೆ ಅದು ಆಯುಷ್ಯವಿಡೀ ಗಡಗಡ ಎಂದಿತು. ಬೆಳ್ಮಣ್ಣಿನ ಹೆಂಗಸರು ಆ ಸದ್ದು ಕೇಳಿಯೇ ಹೂವಿಗೆಂದು ಅಂಗಳ ಇಳಿದು ಬರುತ್ತಿದ್ದರು. ನನಗೆ ಬೆಲ್ ಹೊಡೆಯುವ ಕೆಲಸವೇ ಉಳಿಯಲಿಲ್ಲ.

ಈಗ ಮಗಳ ಕಾರಿನಲ್ಲಿ ಕೂತರೆ ಒಂದು ಸದ್ದೂ ಇರುವುದಿಲ್ಲ, ನನಗೆ ಅದೇ ಹೆದರಿಕೆ, ಎಲ್ಲಿ ಚಕ್ರ ನಿಂತೀತೋ ಎಂದು... ನಿಮಗೂ ಹಾಗಾಗುವುದುಂಟಾ?