ಅಮಾವಾಸ್ಯೆಗೆ ರಜೆ ಪಡೆದ ಉಪ್ಪು

ನನ್ನ ಕೆಲಸ ಏನೆಂದು ನಮ್ಮ ಕಡೆಯವರಿಗೆ ವಿವರಿಸುವ ಗೊಡವೆಯನ್ನು ನಾನು ಬಿಟ್ಟು ಬಹಳ ದಿನವಾಯಿತು. ಉಪ್ಪು ಕಾಯಿಸುತ್ತೇನೆ ಎಂದರೆ, "ಅದಕ್ಕ ಇಂಜಿನಿಯರ್ ಯಾಕ ಬೇಕವಾ?" ಎನ್ನುತ್ತಾರೆ. ಇದು ಅಡುಗೆಯ ಉಪ್ಪಲ್ಲ, ಗೊಬ್ಬರದ ಜಾತಿಯದು ಎಂದರೆ ಬಾದನಹಟ್ಟಿಯ ಸೋದರಮಾವ ಮೆಣಸಿನ ಗಿಡಕ್ಕೆ ಎರಡು ಚೀಲ ಕೇಳುತ್ತಾನೆ. ಬಿಸಿಲನ್ನು ಕೂಡಿಡುವ ಉಪ್ಪು ಎಂದರಂತೂ ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಾರೆ. ಬಳ್ಳಾರಿಯವರಿಗೆ ಬಿಸಿಲನ್ನು ಕೂಡಿಡುವ ಮಾತು ಹೇಳಿದರೆ ಅವರಾದರೂ ಏನು ಮಾಡಿಯಾರು!

ನಿಜಕ್ಕೂ ಅದು ಅಷ್ಟು ಕಷ್ಟದ ವಿಷಯವಲ್ಲ. ಸಾಲು ಕನ್ನಡಿಗಳು ಬಿಸಿಲನ್ನು ಒಂದು ಕೊಳವೆಯ ಮೇಲೆ ಹಾಯಿಸುತ್ತವೆ. ಕೊಳವೆಯೊಳಗೆ ಕರಗಿದ ಉಪ್ಪು ನೀರಿನಂತೆ ಹರಿಯುತ್ತ ಕಾಯುತ್ತದೆ, ಕಾದದ್ದು ದೊಡ್ಡ ಟ್ಯಾಂಕಿನಲ್ಲಿ ಹೋಗಿ ನಿಲ್ಲುತ್ತದೆ. ಹೊತ್ತು ಮುಳುಗಿದ ಮೇಲೆ ಆ ಬಿಸಿಯಿಂದ ನೀರು ಕುದಿಸಿ ಉಗಿ ಮಾಡಿಕೊಳ್ಳಬಹುದು. ಉಪ್ಪಿಗೆ ಇರುವುದು ಒಂದೇ ಹಟ. ಇನ್ನೂರ ನಲವತ್ತು ಡಿಗ್ರಿಯ ಆಸುಪಾಸಿಗೆ ಇಳಿಯಿತೋ, ಗಟ್ಟಿಯಾಗತೊಡಗುತ್ತದೆ. ಇನ್ನೂ ಇಳಿದರೆ ಕಲ್ಲೇ. ಅದಕ್ಕೇ ಕೊಳವೆಗಳಿಗೆ ಉದ್ದಕ್ಕೂ ಹೀಟರ್ ತಂತಿ ಸುತ್ತಿರುತ್ತೇವೆ. ಆ ಹೀಟರನ್ನು ಹಗಲು ರಾತ್ರಿ ಯಾರೂ ಆರಿಸಬಾರದು. ಇಷ್ಟೇ.

ಇಂಥದೊಂದು ಸಣ್ಣ ಸ್ಥಾವರವನ್ನು ನಾನು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿಗೆ ತಂದು ಹಾಕಿಸಿದೆ. ಭತ್ತ ಬೇಯಿಸಲು ಅವರಿಗೆ ಉಗಿ ಬೇಕು. ಅಲ್ಲಿಯವರೆಗೆ ಅದು ಹೊಟ್ಟು ಉರಿಸುವ ಬಾಯ್ಲರಿನಿಂದ ಬರುತ್ತಿತ್ತು. ಕಂಪನಿಯಲ್ಲಿ ನಾನು ಕೊಟ್ಟ ಕಾರಣಗಳು ಬೇರೆ. ನಿಜವಾದ ಕಾರಣ ನನ್ನ ಅಕ್ಕ. ಅವಳ ಮನೆ ಮಿಲ್ಲಿನ ಹಿಂದಿನ ಓಣಿಯಲ್ಲಿದೆ. ಹೊಟ್ಟಿನ ಬೂದಿ ಅವಳ ಮಾಳಿಗೆಯ ಮೇಲೆ, ಒಣಗಿಸಿದ ಸಂಡಿಗೆಯ ಮೇಲೆ, ಕುಡಿಯುವ ನೀರಿನ ಮೇಲೆ ಕರ್ರಗೆ ಕೂರುತ್ತದೆ. ಕೆಮ್ಮು ಶುರುವಾದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಬಳ್ಳಾರಿಯ ಡಾಕ್ಟರು ಬೂದಿಯಿಂದ ದೂರವಿರಿ ಎಂದು ಬಿಡಿಸಿ ಹೇಳಿದ್ದರು. ಆ ಮಾತನ್ನು ಗಂಡನಿಗೆ ಹೇಳಕೂಡದು ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಯಾಕೆಂದರೆ ಭಾವ ಅದೇ ಮಿಲ್ಲಿನ ಮೇಸ್ತ್ರಿ. ಆ ಬಾಯ್ಲರಿನಿಂದಲೇ ಮನೆ ನಡೆದದ್ದು, ಅದನ್ನು ಬೈದರೆ ಅವರ ಮನಸ್ಸಿಗೆ ನೋವಾಗುತ್ತದಂತೆ. ಇವಳ ಎದೆಗೆ ನೋವಾಗುವುದು ಲೆಕ್ಕಕ್ಕಿಲ್ಲ! ನನಗೆ ಅವಳ ಮೇಲೂ ಸಿಟ್ಟೇ.

ಮಿಲ್ಲಿನ ಸಾಹುಕಾರರು ಕಡ್ಡಿ ಮುರಿದಂತೆ ಹೇಳಿದ್ದರು. "ಈ ಸುಗ್ಗಿ ಪೂರಾ ನಿಮ್ಮ ಉಪ್ಪಿನ ಉಗಿ ಬಂತಂದ್ರ ಹಳೇ ಬಾಯ್ಲರ್ ಬಿಚ್ಚಿಸಿ ಬಿಡ್ತೀನ್ರಿ ಮೇಡಂ. ಕೈ ಕೊಡ್ತಂದ್ರ ನಿಮ್ಮ ಕನ್ನಡಿ ನೀವ ತಗೊಂಡು ಹೋಗ್ರಿ."

ಸುಗ್ಗಿ ಶುರುವಾಯಿತು, ಉಗಿಯೂ ಬಂತು. ಚಿಮಣಿ ತಣ್ಣಗಾಯಿತು. ಅಕ್ಕ ಫೋನಿನಲ್ಲಿ, ಬಿಳಿ ಸೀರೆ ಒಗೆದು ಮಾಳಿಗೆಯ ಮೇಲೆ ಹಾಕಿದೆ, ಬಿಳಿಯಾಗಿಯೇ ಒಣಗಿತು ಎಂದಳು. ಅವತ್ತು ನಾನು ಬಳ್ಳಾರಿಯ ಆಫೀಸಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಆಮೇಲೆ ಅಮಾವಾಸ್ಯೆ ಬಂತು.

ನಮ್ಮ ಕಡೆ ಅಮಾವಾಸ್ಯೆಯ ದಿನ ಎತ್ತಿಗೆ ನೊಗ ಹೂಡುವುದಿಲ್ಲ, ಮಿಲ್ಲಿನಲ್ಲಿ ಯಂತ್ರದ ಪಟ್ಟಾ ತಿರುಗುವುದಿಲ್ಲ. ಯಂತ್ರಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಮನೆಗೆ ಹೋಗುವುದು. ಇದು ನನಗೆ ಗೊತ್ತಿಲ್ಲದ್ದಲ್ಲ, ನಾನೇನು ಹೊರಗಿನವಳೇ? ಕುರುಗೋಡಿನಲ್ಲಿ ಹುಟ್ಟಿದವಳು. ಅದಕ್ಕೇ ಭಾವನಿಗೆ ಮೊದಲೇ ಹೇಳಿದ್ದೆ. ಅವರ ಎದುರೇ ಹೀಟರಿನ ಸ್ವಿಚ್ಚಿಗೆ ಕೆಂಪು ಬಣ್ಣ ಬಳಿಸಿದ್ದೆ. "ಭಾವ, ಪೂಜಿ ಏನರ ಮಾಡ್ರಿ, ಇದನ್ನ ಮಾತ್ರ ಮುಟ್ಟಬ್ಯಾಡ್ರಿ" ಎಂದಿದ್ದೆ. ಅವರು ಆ ಸ್ವಿಚ್ಚನ್ನು ಮುಟ್ಟಲಿಲ್ಲ, ಖರೇ. ಗೇಟಿನ ಹತ್ತಿರದ ಮೇನ್ ಸ್ವಿಚ್ಚನ್ನೇ ಇಳಿಸಿದರು.

ಮರುದಿನ ಬೆಳಿಗ್ಗೆ ನಾನು ಬಸ್ಸಿಳಿದು ಹೋದಾಗ ಕೊಳವೆಗಳಿಗೆ ಸಾಲಾಗಿ ವಿಭೂತಿ ಬಳಿದಿತ್ತು, ಟ್ಯಾಂಕಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿತ್ತು. ಪೈಪು ಹಿಡಿದು ನೀರು ಹೊಡೆದು ತೊಳೆದೂ ಇದ್ದರು. ಒಳಗೆ ಉಪ್ಪು ಕಲ್ಲಾಗಿತ್ತು. ಟ್ಯಾಂಕಿನಲ್ಲಿ ಬೇಕಾದಷ್ಟು ಬಿಸಿ ಹಾಗೇ ಕೂತಿದೆ, ಅದು ಹೊರಗೆ ಬರುವ ದಾರಿ ಮಾತ್ರ ಮುಚ್ಚಿದೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಯಾಕ ಇಳಿಸಿದ್ರಿ ಭಾವ?"

"ಅಮಾಸಿ ಅಲ್ಲೇನವಾ," ಎಂದರು, ನಾನೇ ತಪ್ಪು ಕೇಳಿದವಳಂತೆ. "ದಿನಾ ಹೊತ್ತಿಗಿ ಸರಿಯಾಗಿ ಉಗಿ ಕೊಡತೈತಿ ಪಾಪ. ಮಿಲ್ಲಿನ್ಯಾಗ ಎಲ್ಲಾದಕ್ಕೂ ರಜಾ ಐತಿ, ಇದಕ್ಕೊಂದು ಬ್ಯಾಡೇನು?"

ಇಂಥ ಮನುಷ್ಯನ ಮೇಲೆ ಸಿಟ್ಟಾದರೂ ಹೇಗೆ ಮಾಡುವುದು! ಆದರೂ ಮಾಡಿದೆ. ಮೇನ್ ಎತ್ತಿ ಎಲ್ಲ ಹೀಟರುಗಳನ್ನೂ ಒಮ್ಮೆಗೇ ಹಾಕಿಬಿಡೋಣ ಎಂದು ಅವರು ಹೊರಟಾಗ ಓಡಿಹೋಗಿ ಕೈ ಹಿಡಿದೆ. ಉಪ್ಪು ಕರಗುವಾಗ ಹಿಗ್ಗುತ್ತದೆ. ಕೊಳವೆಯ ನಡುವೆ ಮೊದಲು ಕರಗಿದರೆ ಹಿಗ್ಗಲು ಜಾಗವಿಲ್ಲದೆ ಕೊಳವೆಯೇ ಸೀಳಿಹೋಗುತ್ತದೆ. ಕೊಳವೆಯ ತೆರೆದ ಬಾಯಿ ಇರುವ ಕಡೆಯಿಂದ ಶುರು ಮಾಡಿ ಗೇಣು ಗೇಣಾಗಿ ಕರಗಿಸುತ್ತ ಹೋಗಬೇಕು, ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ.

ಅಷ್ಟರಲ್ಲಿ ಸಾಹುಕಾರರು ಬಂದರು. ನೀರಿನ ತೊಟ್ಟಿಯಲ್ಲಿ ಭತ್ತ ನೆನೆದು ಕೂತಿತ್ತು. ಹೊತ್ತಿಗೆ ಬೇಯಿಸದಿದ್ದರೆ ಹುಳಿ ಬಂದು ಓಣಿಯೆಲ್ಲ ನಾರುತ್ತದೆ. ಅವರು ನನ್ನನ್ನು ನೋಡಲೂ ಇಲ್ಲ. "ಮೇಸ್ತ್ರಿ, ಹಳೇ ಬಾಯ್ಲರ್ ಹಚ್ಚು," ಎಂದರು.

ಭಾವ ಸರಿ ಎಂದು ಹೊಟ್ಟಿನ ರಾಶಿಯ ಕಡೆ ತಿರುಗಿದರು. ಏನೂ ಆಗಿಲ್ಲವೆಂಬಂತೆ ಅವರು ಆರಾಮಾಗಿ ನಡೆದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಆಣೆ ಗೀಣೆ ಎಲ್ಲ ಮರೆತು ಕೂಗಿದೆ: "ಹಚ್ರಿ, ಹಚ್ರಿ! ಆ ಬೂದಿ ಅಕ್ಕನ ಎದಿಯಾಗ ಹೋಗಿ ಕುಂತೈತಿ. ಡಾಕ್ಟರ್ ಹೇಳ್ಯಾರ. ನಿಮಗ ಹೇಳಬ್ಯಾಡ ಅಂತ ಆಕಿ ಬಾಯಿ ಮುಚ್ಚಿಸ್ಯಾಳ. ಈ ಉಪ್ಪು ಯಾರ ಸಲುವಾಗಿ ತಂದೀನಿ ಅಂತ ತಿಳಕೊಂಡೀರಿ?"

ಭಾವ ನಿಂತರು. ಹಮಾಲರೆಲ್ಲ ನೋಡುತ್ತಿದ್ದರು. ಸಾಹುಕಾರರು ಫೋನು ತೆಗೆದು ಮಾತಾಡುವವರಂತೆ ಆಚೆ ಸರಿದರು. ಭಾವ ಹೋಗಿ ಬಾಯ್ಲರ್ ಹಚ್ಚಿದರು. ಭತ್ತ ಕೊಳೆಯಲು ಬಿಡುವಂತಿರಲಿಲ್ಲ, ಅದು ನನಗೂ ಗೊತ್ತಿತ್ತು. ಆಮೇಲೆ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು.

"ಆಕಿನ್ನ ಕುರುಗೋಡಿಗೆ ಕರಕೊಂಡು ಹೋಗು. ಇವತ್ತ. ಹೆಂಗ ಕರಗಸಬೇಕು ಅಂತ ತೋರಿಸಿ ಹೋಗು, ಸಾಹುಕಾರ್ರಿಗೆ ನಾ ಹೇಳ್ತೀನಿ, ಉಳಿದದ್ದೂ ನಾ ನೋಡ್ತೀನಿ."

ತೋರಿಸಿದೆ. ಅಕ್ಕನನ್ನು ಹೊರಡಿಸುವುದೇ ಅದಕ್ಕಿಂತ ದೊಡ್ಡ ಕೆಲಸವಾಯಿತು. ಯಾಕೆ ಹೇಳಿದೆ ಎಂದು ದಾರಿಯುದ್ದಕ್ಕೂ ನನ್ನನ್ನು ಬೈದಳು. ಅವರು ಊಟ ಮಾಡುತ್ತಾರೋ ಇಲ್ಲವೋ, ಹಾಲಿನವನಿಗೆ ಹೇಳಿ ಬರಲಿಲ್ಲ, ಇದೆಲ್ಲ ನಿನ್ನ ಉಪ್ಪಿನಿಂದ. ಬೈಯುತ್ತ ಬೈಯುತ್ತ ನಿದ್ದೆ ಹೋದಳು. ಬಸ್ಸು ಅಷ್ಟು ಕುಲುಕಿದರೂ ಒಮ್ಮೆಯೂ ಕೆಮ್ಮಲಿಲ್ಲ. ನೋಡಿ ನನಗೆ ಸಮಾಧಾನವಾಗಬೇಕಿತ್ತು. ಇನ್ನಷ್ಟು ಸಿಟ್ಟು ಬಂತು. ಉಸಿರಾಡಲು ಊರು ಬಿಟ್ಟು ಬರಬೇಕೇ ಇವಳು?

ಕುರುಗೋಡಿನಲ್ಲಿ ಅವ್ವನ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ನಾನು ಮನೆಯಲ್ಲಿದ್ದಾಗೆಲ್ಲ ನನ್ನ ಫೋನಿನ ಕಡೆ ನೋಡುತ್ತಿದ್ದಳು. ನಾನು ಬೆಳಿಗ್ಗೆ ಸಿರುಗುಪ್ಪಕ್ಕೆ ಹೋಗಿ ಸಂಜೆ ಬರುತ್ತಿದ್ದೆ. ಭಾವ ಮಿಲ್ಲಿನಲ್ಲೇ ಚಾಪೆ ಹಾಸಿಕೊಂಡಿದ್ದರು. ಕೊಳವೆಯನ್ನು ಮುಟ್ಟಿ ನೋಡಿ ನೋಡಿ ಬೆರಳಿಗೆ ಬೊಬ್ಬೆ ಬಂದಿತ್ತು, ಥರ್ಮಾಮೀಟರ್ ಕೊಟ್ಟಿದ್ದರೂ. ಬೈದು ಬೈದು ನನಗೂ ಸಾಕಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲೇ ಇದ್ದಾಗ ಫೋನು ಬಂತು. ಭಾವನದೇ. ಸ್ಪೀಕರ್ ಹಾಕಿ ಅಕ್ಕನ ಮುಂದಿಟ್ಟೆ. ಗಟ್ಟಿಯಾಗಿ ಹಲೋ ಎಂದಳು. ಆ ಕಡೆ ಮಿಲ್ಲಿನ ಸದ್ದು ಮಾತ್ರ. ಭಾವನಿಗೆ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿ ಅಭ್ಯಾಸವೇ ಇಲ್ಲ.

ಕಡೆಗೆ ಕೇಳಿದರು. "ಕೆಮ್ಮು ಹೆಂಗೈತಿ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಅದನ್ನು ಕೇಳಿದ್ದು ಅದೇ ಮೊದಲು. ಅಕ್ಕನ ಕೈಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಕಣ್ಣು ತುಂಬಿ ಬಂತು, ಅದನ್ನು ನಾನು ನೋಡಿದೆನೆಂದು ನನ್ನ ಮೇಲೇ ಮುಖ ಗಂಟಿಕ್ಕಿದಳು.

"ನನ್ನ ಕೆಮ್ಮು ಹಾಳಾಗಿ ಹೋಗಲಿ," ಎಂದಳು. "ಉಪ್ಪು ಕರಗಿತೇನು, ಅದನ್ನ ಹೇಳ್ರಿ ಮೊದಲು."

"ಕರಗೇತಿ, ಬಾಯ್ಲರ್ ಆರಿಸೀನಿ," ಎಂದರು ಭಾವ. "ಬಾ."