ಅಮಾವಾಸ್ಯೆಯ ದಿನದ ಅಳತೆ

ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ, ಮಗ್ಗದ ಸದ್ದಿಗೆ ಕಿವಿ ಮಂದವಾದ ಅವ್ವನಿಗೆ ಅಂದಿನ ತಿಥಿಯನ್ನು ಕೂಗಿ ಹೇಳುವುದು ಬನಹಟ್ಟಿಯ ನೇತ್ರಾಳ ತಪ್ಪದ ರೂಢಿ. ಕಾಲೇಜಿನಲ್ಲಿ ಪಾಠ ಹೇಳುವ ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಗ್ಗದ ಸದ್ದಿನಿಂದ ನೇಕಾರರ ಕಿವಿಗಾಗುವ ಹಾನಿಯ ಬಗ್ಗೆ ವಿಭಾಗದ ಮುಖ್ಯಸ್ಥ ಪ್ರೇಮಕುಮಾರರ ಜೊತೆ ಬರೆದ ಲೇಖನ ದಿಲ್ಲಿಯ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿ ಬಂದಾಗ, ಅದನ್ನು ದೇವರ ಮುಂದಿಟ್ಟು ಕೈಮುಗಿದಳು. ಆಮೇಲೆ ಸದ್ದು ಅಳೆದ ದಿನಾಂಕದ ಮೇಲೆ ಕಣ್ಣು ಬಿತ್ತು. ಗೋಡೆಯ ಕ್ಯಾಲೆಂಡರನ್ನು ಹಿಂದಕ್ಕೆ ತಿರುವಿದಳು. ಅಮಾವಾಸ್ಯೆ. ಅದು ನೇಕಾರರ ರಜೆಯ ದಿನ, ಅಂದು ಊರಿನಲ್ಲಿ ಒಂದು ಮಗ್ಗವೂ ನಡೆಯುವುದಿಲ್ಲ. ಅಳತೆಗಳನ್ನು ತಂದುಕೊಟ್ಟವರು ಪ್ರೇಮಕುಮಾರರು.

ಲೇಖನ ಹಿಂದಕ್ಕೆ ಪಡೆಯುವುದಾಗಿ ಸಂಪಾದಕರಿಗೆ ಪತ್ರ ಬರೆದುಕೊಂಡೇ ಅವಳು ಅವರ ಕೋಣೆಗೆ ಹೋದಳು.

"ಸರ್, ಅವತ್ತ ಮಗ್ಗ ಬಂದ್ ಇದ್ವು. ಸದ್ದು ಎಲ್ಲಿಂದ ಬಂತ್ರಿ?"

ಅವರು ನಕ್ಕರು. "ದಿಲ್ಲಿ ಮಂದಿ ಅಮಾಸಿ ನೋಡ್ತಾರೇನವಾ? ನಿನ್ನ ನೌಕರಿ ಕಾಯಂ ಆಗೂದು ಇದರ ಮ್ಯಾಲೇ ಐತಿ. ಸಂಪಾದಕರು ನಮ್ಮವರೇ ಅದಾರ. ತಾರೀಖ ತಿದ್ದಸ್ತೇನಿ, ನಿನ್ನ ಹೆಸರಿಗೆ ಏನೂ ಹತ್ತಂಗಿಲ್ಲ."

ಅವಳು ಪತ್ರವನ್ನು ಅವರ ಮುಂದೆ ಮೇಜಿನ ಮೇಲಿಟ್ಟಳು.

"ನನಗ ಅಂಜಿಕಿ ಆಗಾಕತ್ತೈತ್ರಿ, ಖರೆ," ಎಂದಳು. "ಆದ್ರೂ ತಾರೀಖ ತಿದ್ದಸೂದು ಬ್ಯಾಡ್ರಿ ಸರ್."