ಅಕ್ಕನ ಸೀಟಿ, ನನ್ನ ಸುಳ್ಳು

ಮೊನ್ನೆ ಶನಿವಾರ ಬೆಳಿಗ್ಗೆ ನಮ್ಮಕ್ಕ ಸೀಟಿ ಊದಿದಳು!

ಇದೂ ಒಂದು ಸುದ್ದಿಯೇ, ಅಂತೀರಾ? ಪಿ.ಟಿ. ಟೀಚರ್ ಸೀಟಿ ಊದದೆ ಇನ್ನೇನು ಕೊಳಲು ಊದುತ್ತಾಳೆಯೇ? ಸ್ವಲ್ಪ ತಡೆಯಿರಿ. ಶಾಲೆಯ ಕಂಪೌಂಡಿನ ಹೊರಗೆ ಸ್ಕೂಟರ್ ಮೇಲೆ ಕುಳಿತಿದ್ದ ನಾನು ಆ ಒಂದು ಸೀಟಿ ಕೇಳಿ ಎದ್ದು ನಿಂತು ಚಪ್ಪಾಳೆ ಹೊಡೆದೆ. ಹಾಲು ಹಾಕುವವನು ನನ್ನನ್ನು ಮೇಲಿಂದ ಕೆಳಗೆ ನೋಡಿಕೊಂಡು ಹೋದ. ನೋಡಲಿ ಬಿಡಿ. ಅಷ್ಟು ಖುಷಿಯಾಗಿದೆ ನನಗೆ.

ಆದರೆ ಖುಷಿ ಹಂಚಿಕೊಳ್ಳುವ ಮೊದಲು ಒಂದು ತಪ್ಪೊಪ್ಪಿಕೊಳ್ಳಬೇಕು. ಇದೇ ಅಂಕಣದಲ್ಲಿ ನಾನು ನಿಮಗೊಂದು ಸುಳ್ಳು ಹೇಳಿದ್ದೆ.

ನೆನಪಿದೆಯೇ? ಕೆಲವು ತಿಂಗಳ ಹಿಂದೆ ನನ್ನ ಅಡುಗೆಯ ಫಜೀತಿಯ ಬಗ್ಗೆ ಬರೆದಿದ್ದೆ. ನಾನೂ ಅಕ್ಕನೂ ಧಾರವಾಡದ ಸಪ್ತಾಪುರದಲ್ಲಿ ಒಂದೇ ಮನೆಯಲ್ಲಿರುವವರು. ಅಕ್ಕ ಕ್ರೀಡಾ ತರಬೇತಿ ಕ್ಯಾಂಪಿಗೆ ಹೋಗಿದ್ದಾಳೆ, ನಾನು ಝುಣಕ ಮಾಡಲು ಹೋಗಿ ಬಾಣಲೆ ಸುಟ್ಟೆ, ಅಂತೆಲ್ಲ. ಬಾಣಲೆ ಸುಟ್ಟದ್ದು ನಿಜ. ಕ್ಯಾಂಪು ಸುಳ್ಳು. ಅಕ್ಕ ಆಗ ಹುಬ್ಬಳ್ಳಿಯಲ್ಲಿ ಆಸ್ಪತ್ರೆಯ ಹತ್ತಿರ ರೂಮು ಹಿಡಿದು, ಸ್ತನ ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಳ್ಳುತ್ತಿದ್ದಳು.

ಸುಳ್ಳು ಅವಳ ಆರ್ಡರ್. "ಯಾರ ಮುಂದೂ ಬಾಯಿ ಬಿಡಬ್ಯಾಡ ನೋಡು. ಎಲ್ಲಾರೂ 'ಪಾಪ' ಅಂತ ನೋಡತಾರ. ನನಗ ಆ ನೋಟ ಬ್ಯಾಡ" ಅಂದಿದ್ದಳು. ನಾನು ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ಸುಳ್ಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಪಕ್ಕಾ ಮಾಡಿದೆ!

ಚಿಕಿತ್ಸೆ ಮುಗಿಯಿತು. ಅಕ್ಕ ಆಸ್ಪತ್ರೆಯ ಫೈಲಿಗೆ ಒಂದು ನಮಸ್ಕಾರ ಹಾಕಿ, ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದಳು. "ಮುಗೀತು. ಇನ್ನ ಅದರ ಸುದ್ದಿ ಈ ಮನ್ಯಾಗ ಬ್ಯಾಡ." ಮತ್ತೆ ಮೈದಾನ, ಮತ್ತೆ ಹುಡುಗಿಯರ ಖೋಖೋ ತಂಡ, ಮತ್ತೆ ಕೊರಳಲ್ಲಿ ಸೀಟಿ.

ಎರಡು ತಿಂಗಳು ಕಳೆದಿರಬೇಕು. ಕೆಮ್ಮು ಶುರುವಾಯಿತು. ಕಫವಿಲ್ಲ, ಬರೀ ಒಣಕೆಮ್ಮು. ಸಂಜೆಯಾದರೆ ಸಣ್ಣಗೆ ಜ್ವರ. ಧಾರವಾಡದಲ್ಲಿ ಕೆಮ್ಮು ಬಂದರೆ ಕೇಳಬೇಕೇ, ಓಣಿಯವರೆಲ್ಲ ಡಾಕ್ಟರೇ! ಒಬ್ಬರು ಧೂಳು ಅಂದರು, ಒಬ್ಬರು ಮೊಸರು ಬಿಡಿ ಅಂದರು, ನಾನು ಹವೆ ಬದಲಾಗಿದೆ ಅಂದೆ. ಲೋಟಗಟ್ಟಲೆ ಕಷಾಯ ಕುಡಿಸಿದೆ. ಕೆಮ್ಮು ಜಗ್ಗಲಿಲ್ಲ.

ಒಂದು ದಿನ ಮೈದಾನದಲ್ಲಿ ಸೀಟಿ ಬಾಯಿಗಿಟ್ಟರೆ 'ಫುಸ್' ಅಂದಿತಂತೆ. ಹುಡುಗಿಯರು ನಕ್ಕರಂತೆ. ಅಕ್ಕನೂ ನಕ್ಕಳಂತೆ. ನಗಲು ಹೋಗಿ ಕೆಮ್ಮು ಒತ್ತರಿಸಿ ಅಲ್ಲೇ ಕುಕ್ಕರಿಸಿದಳಂತೆ. ಹೆಡ್ ಮಾಸ್ತರು ಮರುಕಪಟ್ಟು, ಇನ್ನು ಲೈಬ್ರರಿ ನೋಡಿಕೊಳ್ಳಿ ಅಂದರಂತೆ. ನಮ್ಮಕ್ಕನಿಗೆ ಲೈಬ್ರರಿಯೇ? ಕುರ್ಚಿಯಲ್ಲಿ ಒಂದು ತಾಸು ಸುಮ್ಮನೆ ಕೂತವಳಲ್ಲ ಅವಳು. ಅವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ.

ನಮ್ಮ ಓಣಿಯ ಡಾಕ್ಟರ ಹತ್ತಿರ ಹೋದೆವು. ತರುಣ, ಬುದ್ಧಿವಂತ, ಮೇಲಾಗಿ ಈ ಅಂಕಣದ ಓದುಗ. (ಒಬ್ಬರಾದರೂ ಇದ್ದಾರಲ್ಲ!) ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೇಳಿದರು, "ಮದಲ ಏನರ ದೊಡ್ಡ ಜಡ್ಡು ಆಗಿತ್ತೇನ್ರಿ ಟೀಚರ್?"

"ಏನಿಲ್ರಿ" ಅಂದಳು ಅಕ್ಕ.

"ಏನಿಲ್ರಿ" ಅಂದೆ ನಾನು. ಇಬ್ಬರೂ ಒಟ್ಟಿಗೆ, ಶಾಲಾ ಪ್ರಾರ್ಥನೆ ಹೇಳಿದ ಹಾಗೆ.

ಡಾಕ್ಟರ ಮುಖ ಅರಳಿತು. "ಹೌದಲ್ರಿ ಸರ, ಟೀಚರ್ ಕ್ಯಾಂಪಿಗೆ ಹೋಗ್ಯಾರಂತ ನೀವ ಬರದಿದ್ರಿ! ಅಲ್ಲಿ ಮಣ್ಣಾಗ ದಿನಾ ಧೂಳ ಕುಡದಾರ. ಅದರದ ಇದು."

ನನ್ನ ಸುಳ್ಳೇ ನನ್ನೆದುರು ರೋಗದ ಕಾರಣವಾಗಿ ಕೂತಿತ್ತು. ಡಾಕ್ಟರು ಆ್ಯಂಟಿಬಯಾಟಿಕ್ ಬರೆದರು. ಗುಣ ಕಾಣಲಿಲ್ಲ. ಇನ್ನೊಂದು ಬರೆದರು. ಊಹೂಂ. ಅಷ್ಟರಲ್ಲಿ ಅಕ್ಕ ಮನೆಯ ಮೆಟ್ಟಿಲು ಹತ್ತಲು ಎರಡು ಸಲ ನಿಂತು ದಮ್ಮು ತೆಗೆದುಕೊಳ್ಳುತ್ತಿದ್ದಳು.

ಮೂರನೇ ಸಲ ಎಕ್ಸ್-ರೇ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಡ ಶ್ವಾಸಕೋಶದಲ್ಲಿ ಮಬ್ಬು. ಅದರ ಅಂಚು ಮಾತ್ರ ನೆಟ್ಟಗೆ.

"ಸೋಂಕು ಹಿಂಗ ಸ್ಕೇಲ್ ಇಟ್ಟು ಗೆರಿ ಹೊಡದಂಗ ಬರೂದು ನಾ ನೋಡಿಲ್ರಿ. ಖರೇ ಹೇಳ್ರಿ ಟೀಚರ್, ಎದಿಗೆ ಎಂದರ ಕರೆಂಟ್ ಕೊಡಿಸಿದ್ರೇನು?"

(ನಮ್ಮ ಕಡೆ ಜನ ರೇಡಿಯೇಷನ್‌ಗೆ ಹೇಳುವುದೇ ಹಾಗೆ, ಕರೆಂಟು ಅಂತ.)

ಅಕ್ಕ ನನ್ನನ್ನು ನೋಡಿದಳು. ಬಾಯಿ ಬಿಟ್ಟೀಯಾ ಜೋಕೆ, ಎಂಬ ನೋಟ. ನಾನು ತೂಕದ ಮಷೀನು ನೋಡಿದೆ. ಆಮೇಲೆ ತಡೆಯಲಾಗಲಿಲ್ಲ.

"ಹೌದ್ರಿ ಡಾಕ್ಟ್ರ. ಎಡಗಡೆ ಎದಿಗೆ. ಮುಗದು ಮೂರು ತಿಂಗಳಾತು. ಕ್ಯಾಂಪು ಗೀಂಪು ಎಲ್ಲಾ ಸುಳ್ಳರಿ."

ಡಾಕ್ಟರು ಬೈಯಲಿಲ್ಲ. "ಇವತ್ತ ಹುಬ್ಬಳ್ಳಿಗೆ ಹೋಗ್ರಿ. ಫೈಲ್ ತಗೊಂಡ ಹೋಗ್ರಿ" ಅಂದರು, ಅಷ್ಟೇ. ಅಟ್ಟ ಹತ್ತಿ ಫೈಲಿಗೆ ಸುತ್ತಿದ್ದ ಸೀರೆ ಬಿಚ್ಚಿದೆ.

ಬಸ್ಸಿನಲ್ಲಿ ಅಕ್ಕ ಮುಖ ತಿರುಗಿಸಿ ಕೂತಳು. ಸಿಟ್ಟು ಅಂದುಕೊಂಡೆ. ರಾಯಾಪುರ ದಾಟುವಾಗ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು, "ಅದ ತಿರುಗಿ ಬಂತೇನೋ ತಮ್ಮಾ?"

ಅವಳ ಕೈ ಹಿಡಿದುಕೊಂಡೆ. ಚಿಕ್ಕವನಿದ್ದಾಗ ರಸ್ತೆ ದಾಟಲು ಹಿಡಿಯುತ್ತಿದ್ದ ಕೈ ಅದು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಅಕ್ಕನಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರಮ್ಮ ಎಲ್ಲ ನೋಡಿ ಹೇಳಿದರು, "ಕ್ಯಾನ್ಸರ್ ತಿರುಗಿ ಬಂದಿಲ್ರಿ." ನನ್ನ ಕಿವಿಗೆ ಮುಂದಿನದು ಅರ್ಧ ಕೇಳಿಸಲೇ ಇಲ್ಲ! ಎರಡನೇ ಸಲ ಹೇಳಿಸಿದೆ.

"ಎದಿಗೆ ಕರೆಂಟ್ ಕೊಡೂ ಮುಂದ ಶ್ವಾಸಕೋಶದ ಒಂದ ಭಾಗಕ್ಕೂ ಅದು ತಾಗತೈತಿ. ಕೆಲವ್ರಿಗೆ ಎಷ್ಟೋ ವಾರ, ತಿಂಗಳು ಆದಮ್ಯಾಲೆ ಅಲ್ಲಿ ಉರಿಯೂತ ಆಗತೈತಿ. ಸೋಂಕಲ್ಲ, ಅದಕ್ಕ ಆ ಗುಳಿಗಿ ಕೆಲಸ ಮಾಡಿಲ್ಲ. ಸ್ಟಿರಾಯ್ಡ್ ಬರದೇನಿ. ಆರಾಮ ಆತಂತ ನೀವ ನಿಲ್ಲಸಬ್ಯಾಡ್ರಿ. ಸಾವಕಾಶ ನಾವ ಕಡಿಮಿ ಮಾಡತೇವಿ." ಆಮೇಲೆ ಫೈಲಿನ ಕೊನೆಯ ಹಾಳೆ ತೆಗೆದು ಬೆರಳಿಟ್ಟರು. "ಕೆಮ್ಮು, ದಮ್ಮು, ಜ್ವರ ಬಂದ್ರ ಕೂಡಲೇ ಬರ್ರಿ ಅಂತ ಇಲ್ಲೇ ಬರದೇವಲ್ರಿ. ಓದಲಿಲ್ಲೇನು?"

ಓದುವುದೆಲ್ಲಿ? ಅದು ಅಟ್ಟದ ಮೇಲೆ ಸೀರೆ ಉಟ್ಟು ಮಲಗಿತ್ತು.

ನೆರೆಯವರಿಂದ ಮುಚ್ಚಿಡಿ, ಬೀಗರಿಂದ ಮುಚ್ಚಿಡಿ, ಅದು ನಿಮ್ಮಿಷ್ಟ. ಎದೆಗೆ ಸ್ಟೆಥಾಸ್ಕೋಪ್ ಇಟ್ಟವರಿಂದಲೂ ಮುಚ್ಚಿಡುವುದು ಎಂಥ ಮರ್ಯಾದೆ? ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ, ನಿಮ್ಮನ್ನಲ್ಲ. (ನಿಮಗೂ ಸ್ವಲ್ಪ ತಾಗಿದರೆ ಬೇಜಾರಿಲ್ಲ.)

ಗುಳಿಗೆ ಶುರುವಾಗಿ ಕೆಲವೇ ದಿನಗಳಲ್ಲಿ ಜ್ವರ ಹೋಯಿತು. ಕೆಮ್ಮು ಇಳಿಯಿತು. ಅಕ್ಕನ ಮುಖ ಮಾತ್ರ ದುಂಡಗೆ ಊದಿತು. "ಹೋಳಿಗಿ ಆಗೇನಿ ನೋಡು, ಸಾಕಿನ್ನ ಗುಳಿಗಿ" ಎಂದು ತಕರಾರು ತೆಗೆದಳು. ನಾನು ದಿನಾ ಬೆಳಿಗ್ಗೆ ನೀರಿನ ಲೋಟ ಹಿಡಿದು ಪಿ.ಟಿ. ಮಾಸ್ತರನಂತೆ ಎದುರು ನಿಂತೆ. ಮೆಟ್ಟಿಲ ಮೇಲಿನ ನಿಲುಗಡೆ ಎರಡರಿಂದ ಒಂದಾಯಿತು. ಆಮೇಲೆ ನೇರ ಬಸ್!

ಲೈಬ್ರರಿಯಿಂದ ಬಿಡುಗಡೆಯಾಗಿ ಅಕ್ಕ ಮತ್ತೆ ಮೈದಾನಕ್ಕಿಳಿದಳು. ಮೊನ್ನೆ ಶನಿವಾರ ಆ ಸೀಟಿ ಕೇಳಿಸಿತು. ಉದ್ದ, ಖಡಕ್ ಸೀಟಿ. ಖೋಖೋ ಹುಡುಗಿಯರು ಎದ್ದು ಓಡಿದರು. ಅಕ್ಕ ಗೇಟಿಗೆ ಬಂದಳು, ಸ್ವಲ್ಪ ಏದುಸಿರು, ಕಣ್ಣಲ್ಲಿ ನೀರು.

"ಕೇಳಿಸ್ತೇನೋ?"

"ರಾಯಾಪುರ ತನಕ ಕೇಳಿಸಿರಬೇಕು."

"ಹಂಗಾದ್ರ ಈಗ ಬರಿ. ಎಲ್ಲಾ ಬರಿ. ಹೆಸರೊಂದ ಹಾಕಬ್ಯಾಡ." (ಸಪ್ತಾಪುರದಲ್ಲಿ ಹೆಸರು ಹಾಕದಿದ್ದರೆ ಗೊತ್ತಾಗುವುದಿಲ್ಲವೇ? ಅದು ಅವಳಿಗೂ ಗೊತ್ತು.)

ನೇರವಾಗಿ ಓಣಿಯ ಡಾಕ್ಟರ ಹತ್ತಿರ ಹೋಗಿ ಸುದ್ದಿ ಮುಟ್ಟಿಸಿದೆ, ಈ ವಾರ ಇದನ್ನೇ ಬರೆಯುತ್ತೇನೆ ಅಂದೆ. ಅವರು ನನ್ನ ಕೈ ಕುಲುಕಿ ಹೇಳಿದರು:

"ಬರೀರಿ ಸರ. ಆದ್ರ ಈ ಸಲ ಖರೇನ ಬರೀರಿ, ನಿಮ್ಮ ಅಂಕಣ ಓದೇ ನಾ ಔಷಧ ಕೊಟ್ಟಿದ್ದೆ."